ಏಷ್ಯಾ ದೇಶಗಳ ಪತ್ರಿಕಾ ಸ್ವಾತಂತ್ರ್ಯವನ್ನು ಹೋಲಿಸುವುದು ಹೇಗೆ? ರ್‍ಯಾಂಕ್ ಒಂದೇ ನೋಡಿದರೆ ಸಾಲದು

ಪ್ರತಿ ವರ್ಷ ಮೇ 3ರ, ಅಂದರೆ ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನದ, ಆಸುಪಾಸು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಗಳ ಶುರುವಾಗುತ್ತದೆ. ಒಬ್ಬರು "ಪತ್ರಿಕಾ ಸ್ವಾತಂತ್ರ್ಯದಲ್ಲಿ ಭಾರತಕ್ಕೆ 151ನೇ ಸ್ಥಾನ, ನೇಪಾಳ ನಮಗಿಂತ ಎಷ್ಟೋ ಮೇಲೆ" ಅಂತ ಹಾಕುತ್ತಾರೆ. ಇನ್ನೊಬ್ಬರು "ಹೊರಗಿನವರು ಮಾಡಿದ ಪಟ್ಟಿ, ನಂಬಬೇಡಿ" ಅನ್ನುತ್ತಾರೆ. ಇಬ್ಬರೂ ಪಟ್ಟಿಯನ್ನು ತೆರೆದು ನೋಡಿರುವುದಿಲ್ಲ.

ನಾನು ಹಲವು ವರ್ಷ ಒಂದು ಕನ್ನಡ ಪತ್ರಿಕೆಯ ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಈ ಜಗಳ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಯಾಕೆಂದರೆ ಇದು ನಿಜವಾಗಿಯೂ ತಿಳಿದುಕೊಳ್ಳಬೇಕಾದ ವಿಷಯ, ಮತ್ತು ತಿಳಿದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಒಂದು ನೋಟ್‌ಬುಕ್, ಇಂಟರ್ನೆಟ್, ಎರಡು ಭಾನುವಾರ ಇದ್ದರೆ ಸಾಕು. ಪತ್ರಿಕೋದ್ಯಮ ಓದುವ ಹುಡುಗರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ, ಸುಮ್ನೆ ಕುತೂಹಲ ಇರುವವರಿಗೆ, ಎಲ್ಲರಿಗೂ ಆಗುವ ಹಾಗೆ ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ದೇಶಗಳನ್ನು ಆರಿಸಿಕೊಳ್ಳಿ

ಭಾರತವನ್ನು ನಾರ್ವೆ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನಾರ್ವೆ ಮೇಲಿದೆ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ. ಏನಾದರೂ ಒಂದು ಸಾಮ್ಯ ಇರುವ ದೇಶಗಳನ್ನು ಪಕ್ಕಪಕ್ಕ ಇಡಿ. ಬ್ರಿಟಿಷರ ಕಾನೂನು ಉಳಿದುಕೊಂಡ ದೇಶಗಳು ಒಂದು ಗುಂಪು: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮ್ಯಾನ್ಮಾರ್, ಸಿಂಗಪುರ, ಮಲೇಷ್ಯಾ. ಒಂದು ಕಾಲಕ್ಕೆ ಮಿಲಿಟರಿ ಆಡಳಿತ ಕಂಡು ಆಮೇಲೆ ಪ್ರಜಾಪ್ರಭುತ್ವಕ್ಕೆ ಬಂದವು ಇನ್ನೊಂದು ಗುಂಪು: ತೈವಾನ್, ದಕ್ಷಿಣ ಕೊರಿಯಾ, ಇಂಡೋನೇಷ್ಯಾ. ಐದಾರು ದೇಶ ಸಾಕು. ಹನ್ನೆರಡು ಹಿಡಿದುಕೊಂಡರೆ ಯಾವುದನ್ನೂ ಸರಿಯಾಗಿ ಓದುವುದಿಲ್ಲ.

ನೋಟ್‌ಬುಕ್ಕಿನ ಒಂದು ಪುಟ ಅಡ್ಡ ಮಾಡಿಕೊಂಡು ಎಡಗಡೆ ದೇಶದ ಹೆಸರು ಬರೆಯಿರಿ. ಮೇಲ್ಗಡೆ ಐದು ಮನೆ: ಅಂಕ, ಕಾನೂನು, ಜೀವಭಯ ಮತ್ತು ಜೈಲು, ದುಡ್ಡು, ಇಂಟರ್ನೆಟ್. ಕೊನೆಗೆ ಒಂದು ಸಾಲು ಖಾಲಿ ಬಿಡಿ. ಅದು ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಎರಡನೇ ಹಂತ: ರ್‍ಯಾಂಕ್ ಬಿಡಿ, ಅಂಕ ನೋಡಿ

ಎಲ್ಲರೂ ಮಾತಾಡುವ ಪಟ್ಟಿ ಪ್ಯಾರಿಸ್‌ನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯದ್ದು. ಚಿಕ್ಕದಾಗಿ ಆರ್‌ಎಸ್‌ಎಫ್ ಅನ್ನುತ್ತಾರೆ. 2002ರಿಂದ ಹೊರಡಿಸುತ್ತಿದ್ದಾರೆ. 180 ದೇಶ ಮತ್ತು ಪ್ರದೇಶಗಳಿವೆ. ಪ್ರತಿ ದೇಶಕ್ಕೂ ನೂರಕ್ಕೆ ಇಂತಿಷ್ಟು ಅಂತ ಅಂಕ ಕೊಟ್ಟು, ಅದರ ಮೇಲೆ ರ್‍ಯಾಂಕ್ ಹಾಕುತ್ತಾರೆ. ಶಾಲೆಯ ಹಾಗೇ.

ಶಾಲೆಯಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ನಿಮ್ಮ ಮಗನಿಗೆ ಹೋದ ಸಲಕ್ಕಿಂತ ಐದು ಅಂಕ ಕಡಿಮೆ ಬಂತು, ಆದರೆ ಕ್ಲಾಸಿನಲ್ಲಿ ಉಳಿದವರು ಇನ್ನೂ ಕೆಟ್ಟದಾಗಿ ಬರೆದಿದ್ದರಿಂದ ಎರಡು ಸ್ಥಾನ ಮೇಲೆ ಹೋದ. ಅವನು ಚೆನ್ನಾಗಿ ಓದಿದ ಅನ್ನಬಹುದಾ? 2024ರಲ್ಲಿ ಭಾರತಕ್ಕೆ ಆದದ್ದು ಇದೇ. 2023ರಲ್ಲಿ 161ನೇ ಸ್ಥಾನ, ಅಂಕ 36.62. 2024ರಲ್ಲಿ 159ನೇ ಸ್ಥಾನ, ಅಂಕ 31.28. ಎರಡು ಸ್ಥಾನ ಮೇಲೆ ಬಂದೆವು ಅಂತ ಹೇಳಿಕೊಂಡವರು ಇದ್ದರು, ಅಂಕ ಐದಕ್ಕಿಂತ ಜಾಸ್ತಿ ಇಳಿದಿತ್ತು. 2025ರಲ್ಲಿ 151ನೇ ಸ್ಥಾನ, ಅಂಕ 32.96. ಎಂಟು ಸ್ಥಾನ ಜಿಗಿದಂತೆ ಕಾಣುತ್ತದೆ, ಅಂಕದಲ್ಲಿ ಏರಿದ್ದು ಎರಡೂ ಇಲ್ಲ. ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಅಂಕವನ್ನು ದೊಡ್ಡದಾಗಿ ಬರೆಯಿರಿ, ರ್‍ಯಾಂಕನ್ನು ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಳ್ಳಿ.

ಇನ್ನೊಂದು ಎಚ್ಚರ. 2022ರಲ್ಲಿ ಆರ್‌ಎಸ್‌ಎಫ್ ಲೆಕ್ಕ ಹಾಕುವ ರೀತಿಯನ್ನೇ ಬದಲಾಯಿಸಿತು. ಈಗ ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ, ಸುರಕ್ಷತೆ ಅಂತ ಐದು ವಿಭಾಗ ಇವೆ. ಹಾಗಾಗಿ 2021ರಿಂದ 2022ಕ್ಕೆ ನೇರ ಗೆರೆ ಎಳೆಯಬೇಡಿ. ಹಾಂಗ್‌ಕಾಂಗ್ ಆ ಒಂದೇ ವರ್ಷದಲ್ಲಿ 80ರಿಂದ 148ಕ್ಕೆ ಬಿತ್ತು. ಅಲ್ಲಿ ಪರಿಸ್ಥಿತಿ ನಿಜಕ್ಕೂ ಕುಸಿದಿತ್ತು, ಲೆಕ್ಕದ ರೀತಿಯೂ ಬದಲಾಗಿತ್ತು. ಹೊಸ ರೀತಿಯೊಳಗೂ ದೊಡ್ಡ ಏರಿಳಿತ ಇದೆ. ಭೂತಾನ್ 2022ರಲ್ಲಿ 33, ಮರು ವರ್ಷ 90, ಅದರ ಮರು ವರ್ಷ 147, 2025ರಲ್ಲಿ 152. ಮೂರೇ ವರ್ಷದಲ್ಲಿ ಒಂದು ದೇಶ ಅಷ್ಟು ಬದಲಾಗುತ್ತದಾ? ಆ ದೇಶ ಅಷ್ಟೊಂದು ಬದಲಾಗಿರಲಾರದು ಅಂತಲೇ ನನ್ನ ಅನಿಸಿಕೆ. ಅಂಕ ಹಾಕಲು ಆರ್‌ಎಸ್‌ಎಫ್ ಒಂದು ಪ್ರಶ್ನಾವಳಿ ಕಳಿಸುತ್ತದೆ; ಸಣ್ಣ ದೇಶಗಳಲ್ಲಿ ಅದಕ್ಕೆ ಉತ್ತರ ಕೊಡುವ ಪತ್ರಕರ್ತರು, ಅಧ್ಯಾಪಕರು ಬೆರಳೆಣಿಕೆಯಷ್ಟೇ ಇರುತ್ತಾರೆ. ಇಬ್ಬರ ಮನಸ್ಸು ಬದಲಾದರೆ ಅಂಕ ಬದಲಾಗುತ್ತದೆ.

ಭಾರತ ಸರ್ಕಾರ ಈ ಪಟ್ಟಿಯನ್ನು ಒಪ್ಪುವುದಿಲ್ಲ. ಉತ್ತರ ಕೊಟ್ಟವರು ಯಾರು, ಎಷ್ಟು ಜನ ಅನ್ನುವುದು ಸ್ಪಷ್ಟವಿಲ್ಲ ಎನ್ನುವುದು ಅದರ ಮುಖ್ಯ ತಕರಾರು. ಈ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಆದರೆ ಥರ್ಮಾಮೀಟರ್ ಒಂದೆರಡು ಡಿಗ್ರಿ ತಪ್ಪು ತೋರಿಸಿದರೂ ಜ್ವರ ಇಲ್ಲ ಅಂತ ಆಗುವುದಿಲ್ಲ. ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡಬೇಕು. ಮುಂದಿನ ಹಂತಗಳು ಅದಕ್ಕೇ.

ಮೂರನೇ ಹಂತ: ಕಾನೂನು ಓದಿ, ಆದರೆ ನಾಲ್ಕೇ ಪ್ರಶ್ನೆ ಇಟ್ಟುಕೊಂಡು

ಪತ್ರಿಕೆ ಶುರು ಮಾಡಲು ಯಾರ ಅನುಮತಿ ಬೇಕು? ಬರೆದದ್ದಕ್ಕೆ ಜೈಲಿಗೆ ಹಾಕಬಹುದಾ? ಪ್ರಕಟವಾದದ್ದನ್ನು ತೆಗೆಸುವ ಅಧಿಕಾರ ಯಾರಿಗಿದೆ, ಕೋರ್ಟಿಗೋ ಮಂತ್ರಿಗೋ? ಸರ್ಕಾರಿ ಕಾಗದ ಕೈಯಲ್ಲಿ ಹಿಡಿದಿದ್ದರೆ ಅದೇ ಅಪರಾಧವಾಗುತ್ತದಾ? ಈ ನಾಲ್ಕು ಪ್ರಶ್ನೆ ಸಾಕು.

ಮೊದಲ ಪ್ರಶ್ನೆಗೆ ತೈವಾನ್ ಒಳ್ಳೆಯ ಉದಾಹರಣೆ. 1949ರಿಂದ 1987ರವರೆಗೆ ಅಲ್ಲಿ ಮಾರ್ಷಲ್ ಲಾ ಇತ್ತು. ದೇಶದಲ್ಲಿ 31 ಪತ್ರಿಕೆಗಳು ಮಾತ್ರ ಇರಬೇಕು, ಪುಟಗಳೂ ಇಷ್ಟೇ ಇರಬೇಕು ಅಂತ ಮಿತಿ ಹಾಕಿದ್ದರು. 1988ರ ಜನವರಿ 1ರಂದು ಆ ನಿರ್ಬಂಧ ತೆಗೆದರು. ಇವತ್ತು ಅದೇ ತೈವಾನ್ 2025ರ ಪಟ್ಟಿಯಲ್ಲಿ 24ನೇ ಸ್ಥಾನದಲ್ಲಿದೆ. ಸಿಂಗಪುರದಲ್ಲಿ 1974ರ ಮುದ್ರಣ ಕಾಯ್ದೆ ಇನ್ನೂ ಇದೆ. ಅಲ್ಲಿ ಪತ್ರಿಕೆಗೆ ಪರವಾನಗಿ ಬೇಕೇ ಬೇಕು.

ಎರಡನೆಯದು ಮಾನನಷ್ಟ. ಭಾರತದಲ್ಲಿ ಮಾನನಷ್ಟ ಇವತ್ತಿಗೂ ಕ್ರಿಮಿನಲ್ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಜೈಲು. ದಕ್ಷಿಣ ಕೊರಿಯಾದಲ್ಲಿ ನಿಜವನ್ನೇ ಹೇಳಿದರೂ ಕೇಸ್ ಬೀಳಬಹುದು, ಅದು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಅಂತ ತೋರಿಸಬೇಕಾಗುತ್ತದೆ. ಫಿಲಿಪೈನ್ಸ್‌ನಲ್ಲಿ ಆನ್‌ಲೈನ್ ಬರಹಕ್ಕೆ ಸೈಬರ್ ಲೈಬಲ್ (ಆನ್‌ಲೈನ್ ಮಾನನಷ್ಟ) ಅನ್ನುವ ಬೇರೆ ಅಪರಾಧವೇ ಇದೆ. ರಾಪ್ಲರ್ ಸುದ್ದಿ ಜಾಲತಾಣದ ಮರಿಯಾ ರೆಸ್ಸಾ ಅವರಿಗೆ 2020ರ ಜೂನ್‌ನಲ್ಲಿ ಅದರಡಿ ಶಿಕ್ಷೆಯಾಯಿತು, ಮರು ವರ್ಷ ಅವರಿಗೇ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಮೂರನೆಯದಕ್ಕೆ ಮತ್ತೆ ಸಿಂಗಪುರ ನೋಡಿ. 2019ರಲ್ಲಿ ಬಂದ ಸುಳ್ಳುಸುದ್ದಿ ಕಾಯ್ದೆಯಲ್ಲಿ ಮಂತ್ರಿಯೇ "ಇದು ಸುಳ್ಳು, ತಿದ್ದುಪಡಿ ಹಾಕಿ" ಅಂತ ಆದೇಶ ಕೊಡಬಹುದು. ಕೋರ್ಟಿಗೆ ಹೋಗುವುದು ಆಮೇಲಿನ ಮಾತು. ನಮ್ಮಲ್ಲೂ ಐಟಿ ಕಾಯ್ದೆಯ 69ಎ ಕಲಂ ಅಡಿ ಕೇಂದ್ರ ಸರ್ಕಾರ ಕೋರ್ಟಿಗೆ ಹೋಗದೆಯೇ ಆನ್‌ಲೈನ್ ಬರಹವನ್ನು ತಡೆಹಿಡಿಸಬಹುದು. ಕೋರ್ಟು ಕೂಡ ಯಾವಾಗಲೂ ನೆಮ್ಮದಿಯಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದು ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆಯುವಂತೆ ತಡೆಯಾಜ್ಞೆ ಕೊಟ್ಟಿತ್ತು. ಆಗಸ್ಟ್ ಮೊದಲ ದಿನ ಹೈಕೋರ್ಟ್ ಅದನ್ನು ಒಂದು ಯೂಟ್ಯೂಬ್ ವಾಹಿನಿಯ ಅರ್ಜಿಯ ಮೇಲೆ ರದ್ದು ಮಾಡಿತು. ಇಂಥದ್ದು ಸೂಚ್ಯಂಕದ ಅಂಕದೊಳಗೆ ಎಲ್ಲೋ ಕರಗಿಹೋಗುತ್ತದೆ, ನೀವೇ ಹುಡುಕಿ ಬರೆದುಕೊಳ್ಳಬೇಕು. ಹಾಗೇ 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಹಕ್ಕುಚ್ಯುತಿ ಅಂತ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ಎಂದು ತೀರ್ಮಾನಿಸಿತ್ತು. ಕೋರ್ಟ್ ಅಲ್ಲ, ಶಾಸಕರೇ. ಅದನ್ನೂ ಭಾರತದ ಮನೆಯಲ್ಲಿ ಬರೆಯಿರಿ.

ನಾಲ್ಕನೇ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲೋಣ, ಇದು ನನ್ನನ್ನು ತುಂಬ ಕಾಡಿದ ವಿಷಯ. 1923ರಲ್ಲಿ ಬ್ರಿಟಿಷರು ಅಧಿಕೃತ ರಹಸ್ಯ ಕಾಯ್ದೆ ಅಂತ ಒಂದು ತಂದರು. ಆಗ ಭಾರತ, ಈಗಿನ ಬಾಂಗ್ಲಾದೇಶ, ಬರ್ಮಾ ಎಲ್ಲವೂ ಅವರ ಕೈಯಲ್ಲೇ ಇದ್ದವು. ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಪತ್ರಕರ್ತ ಇಫ್ತಿಕಾರ್ ಗಿಲಾನಿ ಅವರನ್ನು ಇದರಡಿ ಬಂಧಿಸಿದರು. ಏಳು ತಿಂಗಳು ತಿಹಾರ್ ಜೈಲಿನಲ್ಲಿದ್ದರು. ಆಮೇಲೆ ಸರ್ಕಾರವೇ ಕೇಸ್ ವಾಪಸ್ ತೆಗೆದುಕೊಂಡಿತು. 2017ರ ಡಿಸೆಂಬರ್‌ನಲ್ಲಿ ಮ್ಯಾನ್ಮಾರ್‌ನ (ಹಿಂದಿನ ಬರ್ಮಾ) ಯಾಂಗೋನ್‌ನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆಯ ವಾ ಲೋನ್ ಮತ್ತು ಚಾ ಸೋ ಊ ಅವರನ್ನು ಅದೇ 1923ರ ಕಾಯ್ದೆಯಡಿ ಹಿಡಿದರು. ಹತ್ತು ರೊಹಿಂಗ್ಯಾ ಗಂಡಸರ ಹತ್ಯೆಯ ಬಗ್ಗೆ ಅವರು ತನಿಖೆ ಮಾಡುತ್ತಿದ್ದರು. ಏಳು ವರ್ಷ ಶಿಕ್ಷೆಯಾಯಿತು. 500 ದಿನಕ್ಕೂ ಹೆಚ್ಚು ಒಳಗಿದ್ದು 2019ರ ಮೇನಲ್ಲಿ ಕ್ಷಮಾದಾನದ ಮೇಲೆ ಹೊರಬಂದರು. 2021ರ ಮೇ 17ರಂದು ಢಾಕಾದಲ್ಲಿ ಪ್ರೊಥೊಮ್ ಆಲೊ ಪತ್ರಿಕೆಯ ರೋಜಿನಾ ಇಸ್ಲಾಂ ಆರೋಗ್ಯ ಇಲಾಖೆಗೆ ಹೋಗಿದ್ದಾಗ ಅವರನ್ನು ಒಂದು ಕೋಣೆಯಲ್ಲಿ ಐದು ಗಂಟೆಗೂ ಹೆಚ್ಚು ಕೂಡಿಹಾಕಿ, ರಾತ್ರಿ ಪೊಲೀಸರಿಗೆ ಒಪ್ಪಿಸಿದರು. ಕೊರೊನಾ ಕಾಲದಲ್ಲಿ ಆ ಇಲಾಖೆಯ ಅವ್ಯವಹಾರಗಳ ಬಗ್ಗೆ ಅವರು ಬರೆಯುತ್ತಿದ್ದರು. ಅವರ ಮೇಲೂ ಅದೇ ಕಾಯ್ದೆ. ಮೂರು ದೇಶ, ಮೂರು ಬಾವುಟ, ನೂರು ವರ್ಷ ಹಳೆಯ ಒಂದೇ ಕಾಗದ. ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡದೇ ಹೋದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಆದರೆ ಕಾನೂನು ಒಳ್ಳೆಯದಾಗಿದ್ದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಶ್ರೀಲಂಕಾ 2002ರಲ್ಲಿ ಕ್ರಿಮಿನಲ್ ಮಾನನಷ್ಟವನ್ನೇ ರದ್ದು ಮಾಡಿತು. ನಾವು ಇನ್ನೂ ಮಾಡಿಲ್ಲ. ಆದರೂ 2009ರ ಜನವರಿ 8ರಂದು ಸಂಡೇ ಲೀಡರ್ ಸಂಪಾದಕ ಲಸಂತ ವಿಕ್ರಮತುಂಗ ಅವರನ್ನು ಕೊಲಂಬೊ ಹತ್ತಿರ, ಆಫೀಸಿಗೆ ಹೋಗುವ ದಾರಿಯಲ್ಲಿ, ಹಗಲು ಹೊತ್ತಿನಲ್ಲೇ ಕೊಂದರು. ತಾನು ಸತ್ತರೆ ಪ್ರಕಟಿಸಿ ಅಂತ ಅವರು ಮೊದಲೇ ಬರೆದಿಟ್ಟ ಸಂಪಾದಕೀಯ ಮೂರು ದಿನದ ನಂತರ ಅಚ್ಚಾಯಿತು.

ನಾಲ್ಕನೇ ಹಂತ: ಜೈಲು ಮತ್ತು ಕೊಲೆ ಎಣಿಸುವಾಗ ಸೊನ್ನೆಯನ್ನು ನಂಬಬೇಡಿ

ಇಲ್ಲಿ ನ್ಯೂಯಾರ್ಕ್‌ನ ಕಮಿಟಿ ಟು ಪ್ರೊಟೆಕ್ಟ್ ಜರ್ನಲಿಸ್ಟ್ಸ್, ಅಂದರೆ ಸಿಪಿಜೆ, ಕೆಲಸಕ್ಕೆ ಬರುತ್ತದೆ. ಪ್ರತಿ ವರ್ಷ ಡಿಸೆಂಬರ್ 1ರಂದು ಜೈಲಿನಲ್ಲಿರುವ ಪತ್ರಕರ್ತರನ್ನು ಒಬ್ಬೊಬ್ಬರಾಗಿ ಎಣಿಸಿ ಹೆಸರು ಸಮೇತ ಹಾಕುತ್ತಾರೆ. ಅಭಿಪ್ರಾಯ ಕೇಳಿ ಮಾಡಿದ್ದಲ್ಲ, ಇದು ತಲೆಲೆಕ್ಕ. 2024ರ ಎಣಿಕೆಯಲ್ಲಿ ಜಗತ್ತಿನಲ್ಲಿ 361 ಜನ ಒಳಗಿದ್ದರು. ಚೀನಾದಲ್ಲಿ 50, ಮ್ಯಾನ್ಮಾರ್‌ನಲ್ಲಿ 35.

ಈ ಲೆಕ್ಕದಲ್ಲಿ ಕೆಲವು ದೇಶಗಳ ಮುಂದೆ ಸೊನ್ನೆ ಕಾಣುತ್ತದೆ. ಉತ್ತರ ಕೊರಿಯಾದಲ್ಲಿ ಜೈಲಿಗೆ ಹಾಕಲು ಸ್ವತಂತ್ರ ಪತ್ರಕರ್ತರೇ ಇಲ್ಲ. ಅಲ್ಲಿನ ಸೊನ್ನೆ ಬೇರೆ, ಜಪಾನಿನ ಸೊನ್ನೆ ಬೇರೆ. ಹಾಗಾಗಿ ಸೊನ್ನೆ ಕಂಡಾಗ ಪಕ್ಕದಲ್ಲಿ "ಯಾಕೆ?" ಅಂತ ಬರೆಯಿರಿ.

ಜೈಲು ಕಡಿಮೆ ಇರುವ ಕಡೆ ಗುಂಡು ಇರಬಹುದು. ಫಿಲಿಪೈನ್ಸ್‌ನ ಮಗಿಂದನಾವೊದಲ್ಲಿ 2009ರ ನವೆಂಬರ್ 23ರಂದು, ಚುನಾವಣೆಗೆ ನಾಮಪತ್ರ ಸಲ್ಲಿಸಲು ಹೊರಟಿದ್ದ ಮೆರವಣಿಗೆಯನ್ನು ಅಡ್ಡಗಟ್ಟಿ 58 ಜನರನ್ನು ಕೊಂದರು. ಅವರಲ್ಲಿ 32 ಮಂದಿ ಪತ್ರಕರ್ತರು ಮತ್ತು ಮಾಧ್ಯಮ ಸಿಬ್ಬಂದಿ. ತೀರ್ಪು ಬರಲು ಹತ್ತು ವರ್ಷ ಬೇಕಾಯಿತು.

ನಮ್ಮಲ್ಲಿ ಗೌರಿ ಲಂಕೇಶ್. 2017ರ ಸೆಪ್ಟೆಂಬರ್ 5, ಬೆಂಗಳೂರಿನ ರಾಜರಾಜೇಶ್ವರಿ ನಗರ, ಅವರ ಮನೆಯ ಮುಂದೆಯೇ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆದರೆ 2025ರ ಜನವರಿಯಲ್ಲಿ ಛತ್ತೀಸಗಢದ ಬಿಜಾಪುರದಲ್ಲಿ ಸೆಪ್ಟಿಕ್ ಟ್ಯಾಂಕಿನೊಳಗೆ ಶವವಾಗಿ ಸಿಕ್ಕ ಮುಖೇಶ್ ಚಂದ್ರಾಕರ್ ಎಷ್ಟು ಜನಕ್ಕೆ ನೆನಪಿದೆ? ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ವರದಿ ಮಾಡಿದ್ದರು. ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ ಸಣ್ಣ ಊರಿನ ಹುಡುಗ. ನಮ್ಮ ಭಾಗದ ದೇಶಗಳಲ್ಲಿ ಜೀವಭಯ ರಾಜಧಾನಿಯ ಸ್ಟುಡಿಯೋಗಿಂತ ಜಾಸ್ತಿ ಇರುವುದು ಇಂಥ ಕಡೆ: ಮರಳು, ಗಣಿ, ರಸ್ತೆ ಗುತ್ತಿಗೆ, ಭೂಮಿ. ದೇಶಕ್ಕೆ ಒಂದೇ ಅಂಕ ಕೊಟ್ಟಾಗ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹಾಗಾಗಿ ಈ ಮನೆಯಲ್ಲಿ ಎಷ್ಟು ಜನ ಸತ್ತರು ಅಂತ ಮಾತ್ರ ಬರೆಯಬೇಡಿ. ಎಲ್ಲಿ, ಯಾವ ಸುದ್ದಿಗೆ, ಯಾರಿಗಾದರೂ ಶಿಕ್ಷೆಯಾಯಿತಾ ಅಂತಲೂ ಬರೆಯಿರಿ.

ಐದನೇ ಹಂತ: ದುಡ್ಡಿನ ದಾರಿ ಹಿಡಿದು ಹೋಗಿ

ಇದು ಎಲ್ಲರೂ ಹಾರಿಸಿಬಿಡುವ ಹಂತ, ನನ್ನ ಪ್ರಕಾರ ಇದೇ ಮುಖ್ಯ. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ರಾತ್ರಿಯ ಕಥೆ ಹೇಳುತ್ತೇನೆ.

ನಮ್ಮ ಹೊಳೆದಂಡೆಯ ತಾಲ್ಲೂಕಿನ ಅರೆಕಾಲಿಕ ವರದಿಗಾರರೊಬ್ಬರು ಮರಳು ಸಾಗಣೆಯ ಬಗ್ಗೆ ಸುದ್ದಿ ಕಳಿಸಿದ್ದರು. ರಾತ್ರಿ ಎರಡು ಗಂಟೆಗೆ ಹೊಳೆಯ ಹತ್ತಿರ ನಿಂತು ತೆಗೆದ ಫೋಟೊ, ಲಾರಿಗಳ ನಂಬರ್ ಕಾಣುತ್ತಿತ್ತು. ಮೂರನೇ ಪುಟದ ಮೇಲ್ಭಾಗಕ್ಕೆ ಹಾಕಿದೆ, ತಲೆಬರಹ ಕೊಟ್ಟೆ. ಒಂಬತ್ತೂವರೆಗೆ ಜಾಹೀರಾತು ವಿಭಾಗದಿಂದ ಫೋನ್ ಬಂತು. ಆ ಲಾರಿಗಳಿಗೆ ಸಂಬಂಧಪಟ್ಟವರ ಹುಟ್ಟುಹಬ್ಬಕ್ಕೆ ಮುಂದಿನ ವಾರ ಅರ್ಧ ಪುಟದ ಶುಭಾಶಯ ಜಾಹೀರಾತು ಬರುವುದಿತ್ತು. ಸುದ್ದಿ ತೆಗೆದೆವು. ಆ ಜಾಗಕ್ಕೆ ಹಾಲಿನ ಡೇರಿಯ ವಾರ್ಷಿಕ ಸಭೆ ಹೋಯಿತು. ಬೆಳಿಗ್ಗೆ ಆ ವರದಿಗಾರರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಸರ್, ಜಾಗ ಇರ್ಲಿಲ್ವಾ?" ನಾನು "ಹೂಂ, ಜಾಗ ಇರ್ಲಿಲ್ಲ" ಅಂದೆ.

ಪೊಲೀಸರು ಬರಲಿಲ್ಲ, ಕೇಸ್ ಬೀಳಲಿಲ್ಲ, ಯಾರಿಗೂ ಏಟು ಬೀಳಲಿಲ್ಲ. ಯಾವ ಸಂಸ್ಥೆಯ ಎಣಿಕೆಯಲ್ಲೂ ಇದು ಇಲ್ಲ. ಆದರೆ ಓದುಗರಿಗೆ ಆ ಸುದ್ದಿ ಸಿಗಲಿಲ್ಲ.

ಈಗ ಭೂತಾನಿಗೆ ವಾಪಸ್ ಹೋಗೋಣ. 2025ರಲ್ಲಿ ಭಾರತ 151, ಭೂತಾನ್ 152. ಪಕ್ಕಪಕ್ಕ. ಅಲ್ಲಿ ಪತ್ರಕರ್ತರನ್ನು ಕೊಲ್ಲುವುದಿಲ್ಲ, ನಮ್ಮಲ್ಲಿ ಹಾಗೆ ಹೇಳುವಂತಿಲ್ಲ. ಮತ್ತೆ ಅಲ್ಲೇನು ತೊಂದರೆ? ಸುಮಾರು ಎಂಟು ಲಕ್ಷ ಜನರ ದೇಶ. ಖಾಸಗಿ ಪತ್ರಿಕೆಗಳು ಬಂದದ್ದೇ 2006ರಲ್ಲಿ. ಕೊಳ್ಳುವವರು ಕಡಿಮೆ, ಜಾಹೀರಾತು ಕೊಡುವ ದೊಡ್ಡ ಗಿರಾಕಿ ಅಂದರೆ ಸರ್ಕಾರವೇ. ಸರ್ಕಾರಿ ಜಾಹೀರಾತು ಕಡಿಮೆಯಾದಾಗ ಪತ್ರಿಕೆಗಳು ಸೊರಗಿದವು, ಕೆಲವು ನಿಂತೇಹೋದವು. ಮೇಲಿಂದ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಅಧಿಕಾರಿಯ ವಿರುದ್ಧ ಬರೆಯುವುದು ಕಷ್ಟ, ಅವರು ನಿಮ್ಮ ಮಾವನ ಗೆಳೆಯರೇ ಆಗಿರುತ್ತಾರೆ. ಹಾಗಾಗಿ 151 ಮತ್ತು 152 ಒಂದೇ ಕಾಯಿಲೆಯಲ್ಲ. "ಭಾರತ, ಭೂತಾನ್ ಎರಡೂ ಒಂದೇ" ಅಂತ ಬರೆದರೆ ಎರಡೂ ದೇಶದ ಪತ್ರಕರ್ತರಿಗೆ ಅನ್ಯಾಯ ಮಾಡಿದ ಹಾಗೆ.

ಸಿಂಗಪುರದಲ್ಲಿ ದುಡ್ಡಿಗೆ ಬರವಿಲ್ಲ. ಸ್ಟ್ರೈಟ್ಸ್ ಟೈಮ್ಸ್ ಹೊರತರುವ ಎಸ್‌ಪಿಎಚ್ ಮೀಡಿಯಾಗೆ ಸರ್ಕಾರ ವರ್ಷಕ್ಕೆ 18 ಕೋಟಿ ಸಿಂಗಪುರ ಡಾಲರ್‌ವರೆಗೆ, ಐದು ವರ್ಷ ಕೊಡುವುದಾಗಿ 2022ರಲ್ಲಿ ಹೇಳಿತು. ಸಂಬಳ ಸರಿಯಾಗಿ ಬರುತ್ತದೆ. ಆದರೆ ಸಂಬಳದ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಪ್ರತಿ ಸಂಪಾದಕನಿಗೂ ಗೊತ್ತಿರುತ್ತದೆ, ಅಲ್ವಾ?

ಫಿಲಿಪೈನ್ಸ್‌ನಲ್ಲಿ ಇನ್ನೊಂದು ರೀತಿ. ಅಲ್ಲಿ ಟಿವಿ ವಾಹಿನಿ ನಡೆಸಲು ಸಂಸತ್ತಿನಿಂದ ಫ್ರಾಂಚೈಸ್, ಅಂದರೆ ಪರವಾನಗಿ, ಬೇಕು. ದೇಶದ ಅತಿ ದೊಡ್ಡ ವಾಹಿನಿ ಎಬಿಎಸ್-ಸಿಬಿಎನ್‌ನ 25 ವರ್ಷದ ಅವಧಿ 2020ರ ಮೇನಲ್ಲಿ ಮುಗಿಯಿತು. ಸಂಸತ್ತು ನವೀಕರಿಸಲಿಲ್ಲ. ಅಧ್ಯಕ್ಷ ಡುಟರ್ಟೆ ಆ ವಾಹಿನಿಯ ಮೇಲೆ ಬಹಿರಂಗವಾಗಿಯೇ ಸಿಟ್ಟು ಕಾರುತ್ತಿದ್ದರು. ಸಂಪಾದಕರನ್ನು ಬಂಧಿಸುವ ಅಗತ್ಯವೇ ಬರಲಿಲ್ಲ, ಕಾಗದಕ್ಕೆ ಸಹಿ ಹಾಕದಿದ್ದರೆ ಸಾಕಾಯಿತು. ಕೊರೊನಾ ಲಾಕ್‌ಡೌನ್ ಮಧ್ಯೆ ಮೇ 5ರ ಸಂಜೆ ಪರದೆ ಕಪ್ಪಾಯಿತು.

ಹಾಂಗ್‌ಕಾಂಗ್‌ನ ಆ್ಯಪಲ್ ಡೈಲಿಯನ್ನು ಮುಚ್ಚಿಸಿದ್ದೂ ಕೊನೆಗೆ ದುಡ್ಡೇ. 2020ರ ಜೂನ್ 30ಕ್ಕೆ ರಾಷ್ಟ್ರೀಯ ಭದ್ರತಾ ಕಾನೂನು ಬಂತು. ಆಗಸ್ಟ್‌ನಲ್ಲಿ ಮಾಲೀಕ ಜಿಮ್ಮಿ ಲಾಯ್ ಬಂಧನವಾಯಿತು. ಆದರೂ ಪತ್ರಿಕೆ ಬರುತ್ತಿತ್ತು. 2021ರ ಜೂನ್‌ನಲ್ಲಿ ಕಂಪನಿಯ ಬ್ಯಾಂಕ್ ಖಾತೆಗಳನ್ನು ತಡೆಹಿಡಿದರು. ಸಂಬಳ ಕೊಡಲಾಗದೆ ನಿಂತಿತು. ಕೊನೆಯ ರಾತ್ರಿ ಮಳೆ ಸುರಿಯುತ್ತಿತ್ತು. ಜನ ಕಚೇರಿಯ ಹೊರಗೆ ನಿಂತು ಮೊಬೈಲ್ ಟಾರ್ಚ್ ಬೀಸುತ್ತಿದ್ದರು, ಒಳಗಿನವರು ಬಾಲ್ಕನಿಯಿಂದ ಟಾರ್ಚ್ ಬೀಸಿ ಉತ್ತರ ಕೊಡುತ್ತಿದ್ದರು. ಜೂನ್ 24ರ ಸಂಚಿಕೆಯನ್ನು 10 ಲಕ್ಷ ಪ್ರತಿ ಅಚ್ಚು ಹಾಕಿದರು. ಮುಖಪುಟದಲ್ಲಿ ಅದೇ ಚಿತ್ರ, ಟಾರ್ಚ್ ಹಿಡಿದ ಕೈ. ಡೆಸ್ಕಿನಲ್ಲಿ ಕೂತು ಕೊನೆಯ ಪುಟ ಕಳಿಸಿದವರನ್ನು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. 2002ರ ಮೊದಲ ಪಟ್ಟಿಯಲ್ಲಿ ಹಾಂಗ್‌ಕಾಂಗ್ 18ನೇ ಸ್ಥಾನದಲ್ಲಿತ್ತು. 2025ರಲ್ಲಿ 140.

ಆರನೇ ಹಂತ: ಇಂಟರ್ನೆಟ್

ಸುದ್ದಿ ಇದ್ದೂ ಜನರಿಗೆ ತಲುಪದಿದ್ದರೆ ಏನು ಉಪಯೋಗ. ಆ್ಯಕ್ಸೆಸ್ ನೌ ಅನ್ನುವ ಸಂಸ್ಥೆ ಇಂಟರ್ನೆಟ್ ಸ್ಥಗಿತಗಳನ್ನು ಎಣಿಸುತ್ತದೆ. 2024ರಲ್ಲಿ ಜಗತ್ತಿನಾದ್ಯಂತ 296. ಮ್ಯಾನ್ಮಾರ್ 85, ಭಾರತ 84. ಹಿಂದಿನ ವರ್ಷ ಭಾರತದ್ದೇ 116 ಇತ್ತು. ಆಗ ಮಿಲಿಟರಿ ಆಳುತ್ತಿದ್ದ, ಒಳಯುದ್ಧ ನಡೆಯುತ್ತಿದ್ದ ದೇಶಕ್ಕೂ ನಮಗೂ ಈ ಲೆಕ್ಕದಲ್ಲಿ ಒಂದೇ ಒಂದು ಸ್ಥಗಿತದ ವ್ಯತ್ಯಾಸ ಅನ್ನುವುದನ್ನು ನಾವು ಯೋಚಿಸಬೇಕು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ 4ಜಿ ವಾಪಸ್ ಬಂದದ್ದು 2021ರ ಫೆಬ್ರವರಿಯಲ್ಲಿ. ಆ ಹದಿನೆಂಟು ತಿಂಗಳು ಅಲ್ಲಿನ ವರದಿಗಾರ ಒಂದು ವಿಡಿಯೊ ಹೇಗೆ ಕಳಿಸಿರಬೇಕು ಅಂತ ಯೋಚಿಸಿ ನೋಡಿ.

ನೇಪಾಳದ ಕಥೆಯಲ್ಲಿ ಎರಡು ಮುಖ ಇದೆ. 2025ರ ಸೆಪ್ಟೆಂಬರ್ ಮೊದಲ ವಾರ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಲ್ಲಿಸಿತು. ಯುವಕರು ಬೀದಿಗಿಳಿದರು, ಗುಂಡು ಹಾರಿತು, ಪ್ರಧಾನಿ ರಾಜೀನಾಮೆ ಕೊಟ್ಟರು. ಆದರೆ ಸೆಪ್ಟೆಂಬರ್ 9ರಂದು ಕಾಠ್ಮಂಡುವಿನಲ್ಲಿ ಕಾಂತಿಪುರ ಪತ್ರಿಕಾ ಸಮೂಹದ ಕಟ್ಟಡಕ್ಕೆ ಬೆಂಕಿ ಇಟ್ಟದ್ದು ಸರ್ಕಾರ ಅಲ್ಲ, ಗುಂಪು. ಅದೇ ವರ್ಷ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಪ್ರೊಥೊಮ್ ಆಲೊ, ಡೈಲಿ ಸ್ಟಾರ್ ಕಚೇರಿಗಳ ಮೇಲೂ ಗುಂಪು ದಾಳಿ ಮಾಡಿತು. ಸರ್ಕಾರವನ್ನು ಮಾತ್ರ ನೋಡುತ್ತಾ ಕೂತರೆ ಇದು ನಿಮ್ಮ ನೋಟ್‌ಬುಕ್ಕಿಗೆ ಬರುವುದೇ ಇಲ್ಲ.

ಏಳನೇ ಹಂತ: ಒಂದು ವಾರ ಪತ್ರಿಕೆಗಳನ್ನೇ ಓದಿ

ಇಷ್ಟಾದ ಮೇಲೆ ಸಂಸ್ಥೆಗಳನ್ನೆಲ್ಲ ಪಕ್ಕಕ್ಕಿಡಿ. ಕಾಠ್ಮಂಡು ಪೋಸ್ಟ್, ಬಾಂಗ್ಲಾದೇಶದ ಡೈಲಿ ಸ್ಟಾರ್, ಪಾಕಿಸ್ತಾನದ ಡಾನ್, ಸಿಂಗಪುರದ ಸ್ಟ್ರೈಟ್ಸ್ ಟೈಮ್ಸ್, ತೈವಾನಿನ ತೈಪೆ ಟೈಮ್ಸ್, ಭೂತಾನಿನ ಕುಯೆನ್ಸೆಲ್. ಎಲ್ಲ ಇಂಗ್ಲಿಷಿನಲ್ಲಿ ಸಿಗುತ್ತವೆ. ಒಂದು ವಾರ, ದಿನಕ್ಕೆ ಅರ್ಧ ಗಂಟೆ. ಆಳುವವರ ಹೆಸರು ಯಾವ ರೀತಿಯ ಸುದ್ದಿಯಲ್ಲಿ ಬರುತ್ತದೆ ನೋಡಿ: ಬರೀ ಉದ್ಘಾಟನೆಯಲ್ಲೋ, ಹಗರಣದಲ್ಲೂ ಬರುತ್ತದೋ? ವಿರೋಧ ಪಕ್ಷದವರ ಮಾತು ಅವರ ಬಾಯಲ್ಲೇ ಬರುತ್ತದಾ, ಇಲ್ಲಾ ಸರ್ಕಾರದ ಉತ್ತರದ ಜೊತೆ ಅರ್ಧ ಸಾಲು ಬರುತ್ತದಾ? ಪೊಲೀಸರು ಹೇಳಿದ್ದಷ್ಟೇ ಇದೆಯಾ, ಸತ್ತವನ ಮನೆಗೆ ವರದಿಗಾರ ಹೋಗಿದ್ದಾನಾ? ಅದೇ ದೇಶದ ಬಗ್ಗೆ ಹೊರದೇಶದ ಪತ್ರಿಕೆಯಲ್ಲಿ ಬಂದ ದೊಡ್ಡ ಸುದ್ದಿ ಇಲ್ಲಿ ಕಾಣೆಯಾಗಿದೆಯಾ?

ಜಪಾನಿನದ್ದು ಓದುವಾಗ ಕಿಷಾ ಕ್ಲಬ್ ಅನ್ನುವುದನ್ನು ನೆನಪಿಡಿ. ಸಚಿವಾಲಯ, ಪೊಲೀಸ್ ಇಲಾಖೆಗಳಿಗೆ ಅಂಟಿಕೊಂಡ ವರದಿಗಾರರ ಕೂಟಗಳು ಅವು. ದೊಡ್ಡ ಸಂಸ್ಥೆಗಳವರಿಗೆ ಒಳಗೆ ಜಾಗ, ಸ್ವತಂತ್ರ ಪತ್ರಕರ್ತರು ಬಹುಪಾಲು ಹೊರಗೆ. ಯಾರೂ ಹೆದರಿಸುವುದಿಲ್ಲ, ಆದರೆ ಒಳಗೆ ಕೂತವರು ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ನಾಳೆ ಸುದ್ದಿ ಸಿಗುವುದಿಲ್ಲ ಅನ್ನುವ ಭಯ ಇರುತ್ತದೆ. 2010ರಲ್ಲಿ 11ನೇ ಸ್ಥಾನದಲ್ಲಿದ್ದ ಜಪಾನ್ 2025ರಲ್ಲಿ 66ರಲ್ಲಿದೆ. ಇದಕ್ಕೆ ಪಕ್ಕದಲ್ಲಿ ದಕ್ಷಿಣ ಕೊರಿಯಾ, 61. ಅಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷರು ಮಾರ್ಷಲ್ ಲಾ ಘೋಷಿಸಿ, ಎಲ್ಲ ಮಾಧ್ಯಮಗಳೂ ಸೇನೆಯ ಹತೋಟಿಗೆ ಅಂದರು. ವಾಹಿನಿಗಳು ನೇರ ಪ್ರಸಾರ ನಿಲ್ಲಿಸಲಿಲ್ಲ. ಸಂಸದರು ರಾತ್ರಿಯೇ ಸಂಸತ್ತಿಗೆ ಬಂದು ಮತ ಹಾಕಿ ಅದನ್ನು ತಳ್ಳಿಹಾಕಿದರು. ಬೆಳಗಾಗುವಷ್ಟರಲ್ಲಿ ಆದೇಶ ಬಿದ್ದುಹೋಗಿತ್ತು. ಐದೇ ಸ್ಥಾನದ ಅಂತರ ಇರುವ ಈ ಎರಡು ದೇಶಗಳಲ್ಲಿ ಅಪಾಯ ಬರುವ ದಾರಿಯೂ ಬೇರೆ, ತಡೆಯುವವರೂ ಬೇರೆ.

ಬರೆಯುವಾಗ

ವರ್ಷ ಹಾಕದೆ ರ್‍ಯಾಂಕ್ ಬರೆಯಬೇಡಿ. ಯಾವ ಸಂಸ್ಥೆಯ ಪಟ್ಟಿ ಅಂತ ಹೇಳದೆ ಬರೆಯಬೇಡಿ. "ಕುಸಿತ" ಅನ್ನುವ ಪದ ಹಾಕುವ ಮೊದಲು ಅಂಕ ಇಳಿದಿದೆಯಾ ನೋಡಿ. ಒಂದು ದೇಶಕ್ಕೆ ಒಂದು ವಾಕ್ಯ ಬರೆಯಲು ಪ್ರಯತ್ನಿಸಿ: ಇಲ್ಲಿ ಒಂದು ಸುದ್ದಿಯನ್ನು ಯಾರು, ಹೇಗೆ ನಿಲ್ಲಿಸುತ್ತಾರೆ? ಸಿಂಗಪುರದಲ್ಲಿ ಮಂತ್ರಿಯ ಆದೇಶ, ಭೂತಾನಿನಲ್ಲಿ ಬಾರದ ಜಾಹೀರಾತು, ಚೀನಾದಲ್ಲಿ ಜೈಲು, ಫಿಲಿಪೈನ್ಸ್‌ನಲ್ಲಿ ಗುಂಡು ಮತ್ತು ಫ್ರಾಂಚೈಸ್. ಈ ಒಂದು ವಾಕ್ಯ ಬರೆಯಲು ಬಂದರೆ ನಿಮಗೆ ಆ ದೇಶ ಅರ್ಥವಾಗಿದೆ. ಬರದಿದ್ದರೆ ಇನ್ನೊಂದು ಭಾನುವಾರ ಕೂರಿ.

ಈಗ ಕೊನೆಗೆ ಬಿಟ್ಟಿದ್ದ ಖಾಲಿ ಸಾಲು. ಅಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಬರೆಯಿರಿ. ಅದೇ ಐದು ಮನೆ. ಅಂಕದ ಮನೆ ಖಾಲಿ ಇರಲಿ, ಉಳಿದವನ್ನು ತುಂಬಲು ಊರಿನ ಒಬ್ಬ ವರದಿಗಾರರನ್ನು ಟೀ ಕುಡಿಯಲು ಕರೆಯಿರಿ. ಬೆದರಿಕೆ ಬಂದಿದೆಯಾ ಅಂತ ಮೊದಲೇ ಕೇಳಬೇಡಿ, "ಏನಿಲ್ಲ ಬಿಡಿ" ಅನ್ನುತ್ತಾರೆ. "ಯಾವ ಸುದ್ದಿ ಕಳಿಸುವುದನ್ನೇ ಬಿಟ್ಟುಬಿಟ್ಟಿದ್ದೀರಿ?" ಅಂತ ಕೇಳಿ.

ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ನಾನು ಆ ಹೊಳೆದಂಡೆಯ ವರದಿಗಾರರನ್ನು ಇದೇ ಪ್ರಶ್ನೆ ಕೇಳಿದೆ. ಅಂದು ಜಾಗ ಇತ್ತು ಅನ್ನುವುದನ್ನೂ ಹೇಳಿದೆ. "ಗೊತ್ತಿತ್ತು ಸರ್" ಅಂದರು. ಆಮೇಲೆ ಬೆರಳು ಮಡಚುತ್ತಾ ಎಣಿಸಿದರು: ಮರಳು, ಕಲ್ಲು ಕ್ವಾರಿ, ಕೆರೆ ಒತ್ತುವರಿ, ಹಾಸ್ಟೆಲ್ ಅಕ್ಕಿ.